ಕಲ್ಲು ತಟ್ಟಿದರೆ ಯಾರೂ ಓಗೊಡದ ಹಳ್ಳ

ಜಲಜಾಗೃತಿ ಕೋಶದ ಮಾನ್ಯ ಮುಖ್ಯಾಧಿಕಾರಿಗಳೇ,

ಬರುವ ಸೋಮವಾರ ನಮ್ಮ ಹಳ್ಳದ ನೀರನ್ನು ಪಂಪು ಹಚ್ಚಿ ಊರು ಕುಡಿಯುವ ಕೆರೆಗೆ ತುಂಬಿಸುತ್ತಾರೆ. ಅದಕ್ಕೆ ಬೇಕಾದ ಸಹಿ ನಿಮ್ಮದು. ಆ ನೀರಿನಲ್ಲಿ ಈಗ ಒಂದು ಹುಳವೂ ಬದುಕುತ್ತಿಲ್ಲ. ಇದನ್ನು ನಿಮಗೆ ತಿಳಿಸಿದವರು ವಿರೋಧ ಪಕ್ಷದವರಲ್ಲ, ಪತ್ರಕರ್ತರಲ್ಲ, ನೀವೇ ತಲೆಗೆ ಕಾರ್ಯಕ್ರಮದ ಟೋಪಿ ತೊಡಿಸಿ ಹಳ್ಳಕ್ಕೆ ಕಳಿಸಿದ ಸರ್ಕಾರಿ ಶಾಲೆಯ ಮಕ್ಕಳು. ತಿಳಿದ ಮೇಲೆ ನೀವು ಮಾಡಿದ್ದೇನು? ನೀರು ಪರೀಕ್ಷೆ ಮಾಡಿಸಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದ ಮೇಡಂಗೆ ನೋಟಿಸು ಕೊಟ್ಟಿರಿ.

‘ಹಳ್ಳವೇ ಗುರು’ ಎಂದು ಕಾರ್ಯಕ್ರಮಕ್ಕೆ ಹೆಸರಿಟ್ಟವರು ನೀವು. ಕುರುಗೋಡು ಗುಡ್ಡದ ಮೇಲೆ ಬಿದ್ದ ಮಳೆ ಯಾವ ಸಂದಿಯಲ್ಲಿ ಇಳಿದು, ಯಾವ ಹಳ್ಳ ಸೇರಿ, ಸಿರುಗುಪ್ಪದ ಕಡೆ ಹೇಗೆ ಹರಿದು ತುಂಗಭದ್ರೆಯ ಪಾಲಾಗುತ್ತದೆ ಎಂದು ಮಕ್ಕಳು ಕಾಲಿನಲ್ಲಿ ನಡೆದು, ಕಣ್ಣಿನಲ್ಲಿ ಕಂಡು ಕಲಿಯಬೇಕು ಅಂದಿರಿ. ಉದ್ಘಾಟನೆಯ ದಿನ ನಿಮ್ಮ ಭಾಷಣಕ್ಕೆ ನಾನೂ ಚಪ್ಪಾಳೆ ತಟ್ಟಿದೆ. ಆದರೆ ವೇದಿಕೆ ಬಿಚ್ಚಿದ ಮೇಲೆ ಕೆಲಸ ಮಾಡಿದವರು ಮೂರು ಮಂದಿ. ತೆಕ್ಕಲಕೋಟೆಯ ಚೈತ್ರಾ, ಬಿ.ಎಸ್ಸಿ. ಓದಿ ನಿಮ್ಮ ಕೋಶದಲ್ಲಿ ಗುತ್ತಿಗೆಗೆ ಸೇರಿದ ಹುಡುಗಿ. ಹುಲುಗಮ್ಮ, ನಮ್ಮೂರ ಶಾಲೆಯ ಬಿಸಿಯೂಟದ ಅಡುಗೆಯಾಕೆ. ಹಿರಿ ಹೆಂಗಸು ಜೊತೆಗಿಲ್ಲದೆ ಹೆಣ್ಣುಮಕ್ಕಳನ್ನು ಹಳ್ಳಕ್ಕೆ ಯಾವ ತಾಯಿ ಕಳಿಸುತ್ತಾಳೆ? ಮೂರನೆಯವನು ನಾನು. ಅದೇ ಊರಿನಲ್ಲಿ ಹುಟ್ಟಿ, ಬಳ್ಳಾರಿಯ ಕೌಲ್ ಬಜಾರಿನಲ್ಲಿ ನೆಲೆ ನಿಂತು, ಚಳವಳಿಗಳ ಬೀದಿಯಲ್ಲಿ ತಮಟೆ ಬಡಿದು ಹಾಡಿದವನು. ಮಕ್ಕಳಿಗೆ ಹಳ್ಳದ ಹಾಡು ಕಲಿಸಿದವನು.

ಚೈತ್ರಾ ಕಲಿಸಿದ ವಿದ್ಯೆ ಸರಳ. ಹಳ್ಳದ ಕಲ್ಲು ಎತ್ತಬೇಕು, ಅದರ ಹೊಟ್ಟೆಗೆ ಅಂಟಿಕೊಂಡ ಜೀವಗಳನ್ನು ನೋಡಬೇಕು, ಕಲ್ಲನ್ನು ಇದ್ದ ಹಾಗೇ ಇಡಬೇಕು. ಯಾವ ಹುಳ ಇದೆ, ಯಾವುದು ಇಲ್ಲ ಎನ್ನುವುದರ ಮೇಲೆ ನೀರಿನ ಆರೋಗ್ಯ ಗೊತ್ತಾಗುತ್ತದೆ. ಮಕ್ಕಳು ಅದಕ್ಕೊಂದು ಪದ್ಧತಿ ಸೇರಿಸಿಕೊಂಡರು. ಪರರ ಮನೆಗೆ ಹೇಳದೆ ಕೇಳದೆ ನುಗ್ಗಬಾರದಲ್ಲ? ಎತ್ತುವ ಮೊದಲು ಕಲ್ಲಿನ ಮೇಲೆ ಬೆರಳಿನಿಂದ ತಟ್ಟಿ ಕೇಳುತ್ತಿದ್ದರು: “ಮನ್ಯಾಗ ಯಾರದೀರಿ?”

ದೀಪಾವಳಿ ಮುಗಿದ ಮೇಲೆ ಮೊದಲ ಸಲ ಹೋದಾಗ ಎಲ್ಲರೂ ಮನೆಯಲ್ಲೇ ಇದ್ದರು. ಬಸವನಹುಳ, ಸಣ್ಣ ಸಿಗಡಿ, ಬಾಲಕ್ಕೆ ಮೂರು ಕೂದಲು ಕಟ್ಟಿಕೊಂಡಂಥ ಮರಿಹುಳ. ಆರನೇ ತರಗತಿಯ ನಂದಿನಿ ಒಂದೊಂದು ಕಲ್ಲಿಗೂ ಒಬ್ಬೊಬ್ಬ ನೆಂಟರ ಹೆಸರಿಟ್ಟಳು. ಸಂಕ್ರಾಂತಿ ಆದ ಮೇಲೆ ಹೋದರೆ ಸೊಳ್ಳೆಮರಿಗಳಷ್ಟೇ ಕುಣಿಯುತ್ತಿದ್ದವು. ನಂದಿನಿ ಒಂದಾದ ಮೇಲೊಂದು ಕಲ್ಲು ಎತ್ತಿ ಮುಖ ಸಣ್ಣದು ಮಾಡಿದಳು. ಅವಳ ತರಗತಿಯ ಕರಿಬಸವ ಸಮಾಧಾನ ಹೇಳಿದ: “ಗುಳೆ ಹೋಗ್ಯಾರ ಬಿಡಲೇ. ಉಗಾದಿಗೆ ಬರ್ತಾರ.”

ನಕ್ಕೆವು. ಅವನ ಅಪ್ಪ ಅವ್ವ ಇಟ್ಟಂಗಿ ಭಟ್ಟಿಗೆ ಗುಳೆ ಹೋದವರು. ಅವರು ಉಗಾದಿಗೆ ಬಂದರು. ಹಳ್ಳದವರು ಬರಲಿಲ್ಲ.

ಹಬ್ಬ ಮುಗಿದ ವಾರ ಹೋದಾಗ ಹಳ್ಳ ನೋಡಿ ಚೈತ್ರಾ ಅಲ್ಲೇ ನಿಂತಳು, ಯಾರೂ ಕೈ ಅದ್ದಬೇಡಿ ಅಂದಳು. ನೀರು ಗಾಜಿನಂತೆ ತಿಳಿಯಾಗಿತ್ತು. ತಳದ ಕಲ್ಲುಗಳ ಮೇಲೆ ಪಾಚಿಯ ಎಳೆಯೂ ಇಲ್ಲ, ಹುಣಸೆಹಣ್ಣು ಹಚ್ಚಿ ತಿಕ್ಕಿದ ಚೊಂಬಿನ ಹಾಗೆ ಹೊಳೆಯುತ್ತಿದ್ದವು. ಬೆಳ್ಳಕ್ಕಿಗಳು ಪಕ್ಕದ ಭತ್ತದ ಗದ್ದೆಯಲ್ಲಿ ನಿಂತಿದ್ದವು, ಹಳ್ಳದಲ್ಲಿ ಒಂದೂ ಇಲ್ಲ. ನೀರಿಗಿಳಿದ ಎಮ್ಮೆಯೊಂದು ಮೂತಿ ತಾಗಿಸಿ, ಹಿಂದೆಗೆದು, ಬಾಯಾರಿದ್ದರೂ ದಡ ಹತ್ತಿ ಹೋಯಿತು. ಚೈತ್ರಾ ಕೋಲಿನಿಂದ ಕಲ್ಲುಗಳನ್ನು ಮಗುಚಿದಳು. ಸೊಳ್ಳೆಮರಿ ಸಹ ಇರಲಿಲ್ಲ. ಯಾಕವ್ವ ಇವತ್ತು ಮನ್ಯಾಗ ಯಾರದೀರಿ ಅಂತ ಕೇಳವಲ್ಲಿ ಎಂದು ಹುಲುಗಮ್ಮ ನಂದಿನಿಯನ್ನು ಕೇಳಿದರೆ, ಆ ಹುಡುಗಿ ಹುಲುಗಮ್ಮನ ಸೀರೆಯ ಸೆರಗು ಹಿಡಿದು, “ಬ್ಯಾಡವ್ವ, ಅಂಜಿಕಿ ಬರ್ತೈತಿ” ಅಂದಳು.

ಮಾನ್ಯರೇ, ಅದೇ ವಾರ ನೀವು ಅದೇ ಹಳ್ಳದ ದಂಡೆಗೆ ಬಂದಿರಿ. ಮಕ್ಕಳನ್ನು ಭೇಟಿ ಮಾಡಲಿಲ್ಲ. ತಿಳಿನೀರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ‘ಸೊಳ್ಳೆಮುಕ್ತ ಹಳ್ಳ, ಮಾದರಿ ಗ್ರಾಮ’ ಎಂಬ ಬೋರ್ಡು ನೆಡಿಸಿ ಹೋದಿರಿ. ಗಟಾರದಲ್ಲಿ ಸಂಸಾರ ಹೂಡುವ ಸೊಳ್ಳೆ ಬೇಡ ಎಂದು ಬಿಟ್ಟುಹೋದ ನೀರು ಎಂಥದ್ದಿರಬೇಕು ಎಂದು ಒಂದು ಗಳಿಗೆ ಯೋಚಿಸಿದಿರಾ? ಸ್ಮಶಾನದಲ್ಲಿ ಗಲಾಟೆ ಇಲ್ಲ ಎಂದು ಶಾಂತಿ ಪ್ರಶಸ್ತಿ ಕೊಟ್ಟ ಹಾಗಾಯಿತು ಇದು.

ಚೈತ್ರಾ ವರದಿ ಬರೆದು ಕೊಟ್ಟಳು. ಬಳ್ಳಾರಿಯ ನಿಮ್ಮ ಸಭಾಂಗಣದ ಪರಿಶೀಲನಾ ಸಭೆಗೆ ನಾವು ಮೂವರೂ ಬಂದೆವು. ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆ ಬಾಟಲಿ ನೀರು. ವರದಿಯನ್ನು ನೀವು ಓದಲಿಲ್ಲ. ಮಕ್ಕಳು ವಿಜ್ಞಾನಿಗಳಲ್ಲ ಅಂದಿರಿ. ಆಗ ಎದ್ದು ನಿಂತವಳು ಹುಲುಗಮ್ಮ. ಕೆರೆಗೆ ನೀರು ತರುವ ಕಾಲುವೆ ಬಂದ್ ಆಗಿದೆ, ಸೋಮವಾರದಿಂದ ಶಾಲೆಯ ನಲ್ಲಿಗೂ ಊರ ನಲ್ಲಿಗೂ ಬರುವುದು ಇದೇ ನೀರು ಎಂದು ಹೇಳಿ, ಒಂದೇ ಒಂದು ಪ್ರಶ್ನೆ ಕೇಳಿದಳು: “ಇದ್ರಾಗ ನಾನು ಮಕ್ಳ ಅನ್ನಕ್ಕ ಎಸರು ಇಡ್ಲೇನ್ರಿ, ಬ್ಯಾಡೇನ್ರಿ?”

ನೀವು ಮೊಬೈಲಿನಿಂದ ತಲೆ ಎತ್ತದೆ, ಕಾಯಿಸಿ ಬಳಸಮ್ಮ ಅಂದಿರಿ.

“ಕಾಸಿದ್ರ ಹುಳ ಸಾಯ್ತಾವ್ರಿ ಸಾಹೇಬ್ರ. ಇದ್ರಾಗ ಹುಳನ ಇಲ್ಲ. ಏನನ್ನ ಸಾಯಿಸಾಕ ಕಾಸ್ಲಿ?”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ನೀವು ಮುಂದಿನ ವಿಷಯಕ್ಕೆ ಹೋದಿರಿ. ಮುಂದಿನ ವಿಷಯ ಆಗಲೇ ಮುಗಿದ ವಿಶ್ವ ಜಲ ದಿನಾಚರಣೆಯ ಊಟದ ಬಿಲ್ಲು.

ಮೂರೇ ದಿನಕ್ಕೆ ಚೈತ್ರಾಗೆ ನೋಟಿಸು: ಮಕ್ಕಳ ಮನಸ್ಸಿನಲ್ಲಿ ಅನಗತ್ಯ ಭೀತಿ ಹುಟ್ಟಿಸಿದ್ದಕ್ಕೆ ವಿವರಣೆ ಕೊಡಿ, ಅಲ್ಲಿಯವರೆಗೆ ಕೆಲಸಕ್ಕೆ ಬರಬೇಡಿ. ಮಕ್ಕಳು ಹಳ್ಳಕ್ಕೆ ಹೋಗುವುದು ಬಂದ್. ಕಾರ್ಯಕ್ರಮ ಮಾತ್ರ ನಿಂತಿಲ್ಲ, ನಿಂತರೆ ನಿಮ್ಮ ಸಾಧನೆಯ ಪುಟ ಖಾಲಿ ಉಳಿಯುತ್ತದಲ್ಲ! ಈಗ ಚಿತ್ರಸ್ಪರ್ಧೆ ಎಂದು ಮಕ್ಕಳು ಕೋಣೆಯಲ್ಲಿ ಕೂತು, ಅಚ್ಚು ಹಾಕಿದ ನದಿಯ ಚಿತ್ರಕ್ಕೆ ನೀಲಿ ಬಣ್ಣ ತುಂಬುತ್ತಾರೆ. ನಂದಿನಿ ಗುಡ್ಡಕ್ಕೆ ಬಣ್ಣ ಹಚ್ಚಿದಳು, ಗದ್ದೆಗೆ ಹಚ್ಚಿದಳು, ನೀರನ್ನು ಬಿಳಿ ಬಿಟ್ಟಳು. ಚಿತ್ರ ಅಪೂರ್ಣ ಎಂದು ನಿಮ್ಮ ತೀರ್ಪುಗಾರರು ಪಕ್ಕಕ್ಕಿಟ್ಟರು.

ಭೀತಿ ಹುಟ್ಟಿಸಿದವರು ಯಾರು ಸ್ವಾಮಿ? ಹಳ್ಳದ ಮೇಲ್ಭಾಗದಲ್ಲಿ ಬೋರ್ಡಿಲ್ಲದ ಒಂದು ಕಾಂಪೌಂಡು ಎದ್ದಿದೆ. ಟ್ಯಾಂಕರುಗಳು ತುಂಬಿ ಬರುತ್ತವೆ, ಖಾಲಿ ಹೋಗುತ್ತವೆ. ಒಳಗೆ ಏನಿದೆ, ನಮಗೆ ಗೊತ್ತಿಲ್ಲ. ಹಳ್ಳ ಸಾಯಲು ಅದೇ ಕಾರಣ ಎಂದೂ ನಾನು ಹೇಳಲಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ಆ ಮಕ್ಕಳ ಜೊತೆ ತಿರುಗಾಡಿ ನಾನೂ ಕಲಿತಿದ್ದೇನೆ. ಆದರೆ ಗೊತ್ತು ಮಾಡಿಕೊಳ್ಳಬೇಕಾದವರು ನೀವು. ನಿಮಗೇಕೆ ಇಷ್ಟು ಅಂಜಿಕೆ?

ಇನ್ನೊಂದು ಮಾತು. ನನ್ನವ್ವ ಇದೇ ಹಳ್ಳದ ಉಸುಕಿನಲ್ಲಿ ಒರತೆ ತೋಡಿ, ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತಿದ್ದಳು. ಊರ ಬಾವಿ ನಮ್ಮ ಕೇರಿಯವರಿಗಲ್ಲ ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಿದ್ದರು. ಒಂದೇ ಕೆರೆಯ ನೀರು ಎಲ್ಲ ಕೇರಿಗೂ ಬರಲಿ ಎಂದು ನಾವು ಹೊಡೆತ ತಿಂದೆವು, ಜೈಲು ಕಂಡೆವು. ಸೋಮವಾರ ಆ ಸಮಾನತೆಯನ್ನು ನೀವು ಒಂದು ಸಹಿಯಲ್ಲಿ ತರುತ್ತಿದ್ದೀರಿ. ಮೇಲಿನ ಕೇರಿ, ಕೆಳಗಿನ ಕೇರಿ, ಶಾಲೆಯ ಎಸರು, ಬಾಣಂತಿಯ ಗುಟುಕು, ಎಲ್ಲಕ್ಕೂ ಒಂದೇ ನೀರು. ಚಳವಳಿಯವನಾಗಿ ನಾನು ನಿಮಗೆ ಹಾರ ಹಾಕಬೇಕಿತ್ತು. ಹಾರದ ಬದಲು ಈ ಪತ್ರ ಕಳಿಸುತ್ತಿದ್ದೇನೆ.

ಆದ್ದರಿಂದ ಸೋಮವಾರ ಪಂಪು ಹಚ್ಚಕೂಡದು. ನೀರನ್ನು ಊರವರ ಕಣ್ಣೆದುರು ತುಂಬಿ ಪರೀಕ್ಷೆಗೆ ಕಳಿಸಿ, ಬಂದ ಫಲಿತಾಂಶವನ್ನು ನಿಮ್ಮ ಸೊಳ್ಳೆಮುಕ್ತ ಬೋರ್ಡಿನ ಮೇಲೇ ಬರೆಸಿ. ಅಲ್ಲಿಯವರೆಗೆ ಊರಿಗೆ ಬೇರೆ ಕಡೆಯ ನೀರು ಟ್ಯಾಂಕರಿನಲ್ಲಿ ಬರಲಿ. ಚೈತ್ರಾಳನ್ನು ಮಕ್ಕಳ ನಡುವೆ ಮರಳಿ ನಿಲ್ಲಿಸಿ. ಹುಲುಗಮ್ಮನ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ; ಎಸರು ಇಡಬೇಕೋ ಬೇಡವೋ, ಬರೆದು ಸಹಿ ಹಾಕಿ ಕೊಡಿ. ಪಂಪಿಗೆ ಹಾಕುವ ಸಹಿಯನ್ನೇ ಅದಕ್ಕೂ ಹಾಕಬಹುದಲ್ಲ?

ಸೋಮವಾರದೊಳಗೆ ಉತ್ತರ ಬಾರದಿದ್ದರೆ ಊರು ಪಂಪಿನ ಮುಂದೆ ಕೂರುತ್ತದೆ. ಮಕ್ಕಳು ಮಾತ್ರ ತಮ್ಮ ತಂದೆ-ತಾಯಿಯರ ಜೊತೆ ಬಳ್ಳಾರಿಗೆ ಬರುತ್ತಾರೆ. ಘೋಷಣೆ ಕೂಗುವುದಿಲ್ಲ. ನಿಮ್ಮ ಕೋಣೆಯ ಬಾಗಿಲನ್ನು ಬೆರಳಿನಿಂದ ತಟ್ಟಿ, ಕಲಿತ ಪದ್ಧತಿಯಂತೆ ಕೇಳುತ್ತಾರೆ: “ಮನ್ಯಾಗ ಯಾರದೀರಿ?”

ಒಳಗೆ ಜೀವ ಇದ್ದರೆ ಓಗೊಡಿ.

ಇಂತಿ,
ನಿಮ್ಮ ಕಾರ್ಯಕ್ರಮಕ್ಕೆ ಹಳ್ಳದ ಹಾಡು ಕಟ್ಟಿ, ಈಗ ಹಾಡಲು ಹಳ್ಳವಿಲ್ಲದ
ಮಾರೆಣ್ಣ
ಕೌಲ್ ಬಜಾರ್, ಬಳ್ಳಾರಿ