ಪಹರೆಯವನ ಹದಿನಾರನೆಯ ಪುಟ

ತಮ್ಮಾ ಪೆನ್ಸಿಲ್,

ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಳು ಎಂದು ಲಕೋಟೆ ಒಡೆಯುವ ಮೊದಲೇ ನಿನ್ನ ಎದೆ ಹೊಡೆದುಕೊಂಡಿರುತ್ತದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ: ಅಮ್ಮ ಇದ್ದಾಳೆ. ಹೋದ ಭಾನುವಾರ ಹೇಗಿದ್ದಳೋ ಹಾಗೇ ಇದ್ದಾಳೆ. ಆ ‘ಹಾಗೇ’ ಅನ್ನುವ ಮಾತಿಗಾಗಿಯೇ ಈ ಕಾಗದ. ಫೋನಿನಲ್ಲಾದರೆ ನೀನು ‘ಸರಿ ಅಕ್ಕಾ, ಇಡ್ಲಾ?’ ಅಂದುಬಿಡುತ್ತೀಯ. ಓದುತ್ತಿರುವುದನ್ನು ನಡುವೆ ಮುಚ್ಚಿಡುವುದು ಬೈಂಡಿಂಗ್ ಅಂಗಡಿಯಲ್ಲಿ ಬೆಳೆದ ಮಕ್ಕಳಿಗೆ ಅಷ್ಟು ಸುಲಭವಲ್ಲ.

ಎರಡು ವಾರದ ಹಿಂದೆ, ಮಧ್ಯಾಹ್ನದ ಹೊತ್ತು, ಅಂಗಡಿಗೆ ಒಬ್ಬರು ಬಂದರು. ಲೆಕ್ಕದ ಮೇಷ್ಟ್ರಾಗಿದ್ದು ನಿವೃತ್ತರಾದವರು, ಹೆಚ್ಚುಕಮ್ಮಿ ನನ್ನ ವಯಸ್ಸು. ಎದೆಗೆ ಅವುಚಿಕೊಂಡಿದ್ದ ಚೀಲದಿಂದ ಹನ್ನೆರಡು ತೆಳು ಪುಸ್ತಕ ತೆಗೆದು ಒಂದೊಂದಾಗಿ ಮೇಜಿನ ಮೇಲೆ ಜೋಡಿಸಿದರು. ಮೊದಲನೆಯದರ ಮುಖಪುಟ ನೋಡಿದ್ದೇ ನನ್ನ ಕೈಯಲ್ಲಿದ್ದ ಅಂಟಿನ ಕುಂಚ ಹಾಗೇ ನಿಂತಿತು. ಕಂದೀಲು ಪಡೆ ಕಣೋ! ಅದೇ ಕೆಂಪು ಅಕ್ಷರ, ಅದೇ ಹಳದಿ ಬೆಳಕಿನ ಉಂಗುರ. ‘ಗೊಂಬೆ ಡಬ್ಬಿ ಜೊತೆ ಬರ್ತಿದ್ವು ತಾಯಿ ಇವು. ಗೊಂಬೆಗಳು ಎಲ್ಲೆಲ್ಲೋ ಹೋದ್ವು, ಪುಸ್ತಕ ಉಳೀತು. ಎಲ್ಲಾ ಸೇರಿಸಿ ಒಂದು ಮಾಡಿಕೊಡಿ. ನಿಮಗೆ ಇದೆಲ್ಲ ಗೊತ್ತಿರಲ್ಲ ಬಿಡಿ’ ಅಂದರು. ನನಗೆ ನಗು ತಡೆಯಲಾಗಲಿಲ್ಲ. ಇವುಗಳಲ್ಲಿ ಅರ್ಧಕ್ಕಾದರೂ ಮಡಿಕೆ ಹಾಕಿದವಳು ನಾನೇ ಇರಬೇಕು ಅಂದೆ. ಮೇಷ್ಟ್ರು ಬಗ್ಗಿ ನನ್ನ ಬೆರಳುಗಳನ್ನೇ ನೋಡಿದರು.

ನಿನಗೆ ನೆನಪಿಲ್ಲದೆ ಏನು. ಗೊಂಬೆ ಕಾರ್ಖಾನೆಯವರು ಪ್ರೆಸ್ಸಿನಲ್ಲಿ ಅಚ್ಚು ಮಾಡಿಸಿ, ಹಾಳೆಗಳ ಕಟ್ಟನ್ನು ಅಪ್ಪನ ಅಂಗಡಿಗೆ ಕಳಿಸುತ್ತಿದ್ದರು. ಒಂದು ದೊಡ್ಡ ಹಾಳೆ ಮಡಿಸಿದರೆ ಹದಿನಾರು ಪುಟ, ಒಂದು ಪುಸ್ತಕ, ಒಂದು ಗೊಂಬೆಯ ಕಥೆ. ಕಹಳೆಯವನು, ಏಣಿಯವನು, ಅಡುಗೆಯ ಅಜ್ಜಿ, ಎಲ್ಲರ ಕೈಯಲ್ಲೂ ಒಂದೊಂದು ಕಂದೀಲು; ಅವರ ವೈರಿಗಳು ಬಾಗಿಲು ತೆರೆಯದೆಯೇ ಒಳಗೆ ಬರುವ ಬೂದು ಮಂದಿ. ಡಬ್ಬಿಯ ಗೊಂಬೆ ನಮಗೆಲ್ಲಿ ಸಿಗಬೇಕು? ಸಿಗುತ್ತಿದ್ದುದು ಅಚ್ಚು ಕೆಟ್ಟ ಹಾಳೆ. ಒಂದರಲ್ಲಿ ಬಣ್ಣ ಜರುಗಿ ಎಲ್ಲರಿಗೂ ಎರಡೆರಡು ಮೂಗು. ಇನ್ನೊಂದರಲ್ಲಿ ಒಂದು ಮಗ್ಗುಲು ಅಚ್ಚಾಗಿ ಇನ್ನೊಂದು ಮಗ್ಗುಲು ಪೂರ್ತಿ ಬಿಳಿ. ಅದನ್ನು ಮಡಿಸಿದರೆ ಎರಡು ಪುಟ ಕಥೆ, ಎರಡು ಪುಟ ಏನೂ ಇಲ್ಲ. ಆ ಬಿಳಿ ಪುಟಗಳನ್ನು ತುಂಬುವುದೇ ನಮ್ಮ ಆಟ. ಚಿತ್ರ ನಿನ್ನದು, ಮಾತು ನನ್ನದು. ಶಾಲೆ ಬಿಟ್ಟವಳು ನಾನು ಅಕ್ಷರ ಗಟ್ಟಿ ಮಾಡಿಕೊಂಡದ್ದು ಹಾಗೆ. ಮಡಿಸದ ಹಾಳೆಯಲ್ಲಿ ಅರ್ಧದಷ್ಟು ಪುಟಗಳು ತಲೆಕೆಳಗಾಗಿರುತ್ತಿದ್ದುದರಿಂದ ಇವತ್ತಿಗೂ ಎದುರಿಗೆ ಕೂತವರ ಕಾಗದ ನನಗೆ ಓದಲು ಬರುತ್ತದೆ. ಕಿವಿಯ ಹಿಂದೊಂದು, ಬಾಯಲ್ಲೊಂದು ಪೆನ್ಸಿಲ್ ಇಟ್ಟುಕೊಂಡು ಓಡಾಡುತ್ತಿದ್ದ ನಿನಗೆ ಹೆಸರು ಬಿದ್ದದ್ದೂ ಹಾಗೆಯೇ.

ಹನ್ನೆರಡು ಪುಸ್ತಕಕ್ಕೆ ನಮ್ಮಲ್ಲಿದ್ದುದು ಒಂದೇ ಗೊಂಬೆ: ಏಳನೆಯ ಪುಸ್ತಕದ ಪಹರೆಯವನು. ಹೆಬ್ಬೆರಳುದ್ದದ ತವರದ ಮನುಷ್ಯ. ಎರಕ ಸರಿಯಾಗದೆ ಕಂದೀಲು ಸೊಟ್ಟಗಿತ್ತು ಅಂತ ಕಾರ್ಖಾನೆಯ ಮೇಸ್ತ್ರಿ ನಿನಗೆ ಕೊಟ್ಟದ್ದು. ಪುಸ್ತಕದಲ್ಲಿ ಪಡೆಯ ನಾಯಕ ಅವನನ್ನು ಕೋಟೆಯ ಬಾಗಿಲಲ್ಲಿ ನಿಲ್ಲಿಸಿ, ‘ನಾನು ಬಂದು ದೀಪ ತೆಗೆದುಕೊಳ್ಳುವ ತನಕ ಇಲ್ಲಿಂದ ಕದಲಬೇಡ’ ಅನ್ನುತ್ತಾನೆ. ಬೂದು ಮಂದಿ ಬಂದಾಗಲೆಲ್ಲ ಅವನು ಹಿಮ್ಮಡಿಗೆ ಹಿಮ್ಮಡಿ ಬಡಿಯುತ್ತಾನೆ, ಪುಟದ ತುಂಬ ದಪ್ಪ ಅಕ್ಷರದಲ್ಲಿ ಟಕ್! ಅವರು ಹಿಂದೆ ಸರಿಯುತ್ತಾರೆ. ನಮ್ಮ ಪ್ರತಿ ಒಂದೇ ಮಗ್ಗುಲು ಅಚ್ಚಾದದ್ದು. ಹದಿನೈದನೆಯ ಪುಟದಲ್ಲಿ ಬೂದು ಮಂದಿ ಸೋತು ಓಡುತ್ತಿದ್ದರು. ಹದಿನಾರು ಖಾಲಿ.

ಅಮ್ಮ ಮಲಗಿದ್ದು ಅದೇ ವರ್ಷ. ನನಗೆ ಹನ್ನೆರಡು, ನಿನಗೆ ಒಂಬತ್ತು. ಅಂಗಡಿಯ ಮೇಲಿನ ಕೋಣೆಯಲ್ಲಿ ಅವಳ ಜ್ವರ ಇಳಿಯದೆ ಹದಿನೇಳು ದಿನವಾಗಿತ್ತು. ಅಪ್ಪ ಮಾತು ನಿಲ್ಲಿಸಿದ್ದರು. ಆ ದಿನ ಮಧ್ಯಾಹ್ನ ನೀನು ‘ಅಕ್ಕಾ, ನನ್ನ ಎತ್ತು’ ಅಂದೆ. ಎತ್ತಿದೆ. ನೀನು ನನ್ನ ಹೆಗಲ ಮೇಲೆ ನಿಂತು, ಅವಳ ಕೋಣೆಯ ಬಾಗಿಲ ಚೌಕಟ್ಟಿನ ಮೇಲಂಚಿನಲ್ಲಿ, ಮೆಟ್ಟಿಲ ಕಡೆಗೆ ಮುಖ ಮಾಡಿಸಿ ಪಹರೆಯವನನ್ನು ನಿಲ್ಲಿಸಿದೆ. ನಾಯಕನ ಮಾತನ್ನು ನೀನೇ ಅಕ್ಷರ ಬಿಡದೆ ಹೇಳಿದೆ. ಎತ್ತಿ ಹಿಡಿದವಳು ನಾನು, ನಿಲ್ಲಿಸಿದವನು ನೀನು. ಸಂಜೆಯೊಳಗೆ ಜ್ವರ ಇಳಿಯಿತು. ಆಮೇಲೆ ಆ ಗೊಂಬೆ ಏನಾಯಿತೆಂದು ನಾನು ಕೇಳಲೇ ಇಲ್ಲ. ನೀನೇ ಯಾವಾಗಲೋ ತೆಗೆದಿರುತ್ತೀಯ ಅಂದುಕೊಂಡಿದ್ದೆ.

ಮೇಷ್ಟ್ರ ಏಳನೆಯ ಪುಸ್ತಕದ ಕೊನೆಯ ಪುಟವನ್ನು ನಾನು ಜೀವನದಲ್ಲಿ ಮೊದಲ ಸಲ ಓದಿದೆ. ಆಗ ಒಳ್ಳೆಯ ಹಾಳೆಗಳನ್ನು ಮಡಿಸುವುದಷ್ಟೇ, ಓದುವಷ್ಟು ಪುರುಸೊತ್ತು ನನಗೆಲ್ಲಿತ್ತು? ನಾಲ್ಕೇ ಚೌಕ. ಒಂದರಲ್ಲಿ ಯುದ್ಧ ಮುಗಿದು ಎಲ್ಲರೂ ಮನೆಗೆ ಹೋಗಿದ್ದಾರೆ, ಪಹರೆಯವನು ಮಾತ್ರ ನಿಂತಿದ್ದಾನೆ. ಅವನಿಗೆ ಯಾರೂ ಹೇಳಿಲ್ಲ. ಎರಡರಲ್ಲಿ ಕೋಟೆಯೊಳಗಿನ ಮುದುಕಿ ಹೊರಗೆ ಹೋಗಲು ಬಾಗಿಲಿಗೆ ಬರುತ್ತಾಳೆ. ಅವನು ಮುಖವನ್ನು ಒಳಕ್ಕೆ ತಿರುಗಿಸಿ, ಟಕ್. ಮೂರರಲ್ಲಿ ತಲೆ ನರೆತ ನಾಯಕ ಬಂದು ಕೈ ಚಾಚಿದ್ದಾನೆ: ‘ಪಹರೆ ಮುಗಿಯಿತು. ದೀಪ ಇತ್ತ ಕೊಡು.’ ನಾಲ್ಕರಲ್ಲಿ ಅವನು ಬೂಟು ಬಿಚ್ಚಿ ಮೆಟ್ಟಿಲ ಮೇಲೆ ಕೂತಿದ್ದಾನೆ. ಬಾಗಿಲಲ್ಲಿ ಯಾರೂ ಇಲ್ಲ.

ಪುಸ್ತಕ ಕೆಳಗಿಟ್ಟೆ. ಮೆಟ್ಟಿಲು ಹತ್ತಿ ಅಮ್ಮನ ಕೋಣೆಗೆ ಹೋದೆ.

ಯಾಕೆಂದರೆ, ಅಮ್ಮ ಮೂರು ವರ್ಷದಿಂದ ಒಂದು ಮಾತು ಹೇಳುತ್ತಿದ್ದಳು: ‘ಆ ಬಾಗಿಲಲ್ಲಿ ನಿಂತಿರೋ ಗಿಡ್ಡನಿಗೆ ಸ್ವಲ್ಪ ಪಕ್ಕಕ್ಕೆ ಸರೀಲಿಕ್ಕೆ ಹೇಳೇ.’ ನಾನು ಅದನ್ನು ನಮ್ಮ ಡಾಕ್ಟರ ಬಗ್ಗೆ ಅಂದುಕೊಂಡಿದ್ದೆ. ಅವರು ನಿಂತರೂ ಕೂತಂತೆಯೇ ಕಾಣುವ ಮನುಷ್ಯ ತಾನೇ? ಹಾಗೆಲ್ಲ ಅನ್ನಬಾರದಮ್ಮಾ, ಕೇಳಿಸಿಕೊಂಡಾರು ಅಂತ ಬೈದೂ ಇದ್ದೆ. ತೊಂಬತ್ಮೂರು ವರ್ಷ ಅವಳಿಗೆ. ದಿನಕ್ಕೆ ನಾಲ್ಕು ಚಮಚ ನೀರು ಇಳಿದರೆ ಹೆಚ್ಚು. ಹೋದ ವರ್ಷದಿಂದ ಮೂರು ಸಲ ಉಸಿರು ಪೂರ್ತಿ ನಿಂತಿದೆ. ನಿನಗೆ ಫೋನಿನಲ್ಲಿ ‘ಸ್ವಲ್ಪ ಸುಸ್ತಾಗಿತ್ತು’ ಅಂದದ್ದು ಅದನ್ನೇ. ಮೂರು ಸಲವೂ ಅವಳ ಮುಖ ಹಗುರಾಗಿ, ಎಲ್ಲೋ ಹೊರಟವಳ ಹಾಗೆ ಆಗಿ, ಆಮೇಲೆ ಬಾಗಿಲ ಕಡೆಯಿಂದ ಒಂದು ಸಣ್ಣ ಸದ್ದು. ಮರ ಒಣಗಿ ಬಿರಿದಂತೆ. ಉಸಿರು ಮರಳಿ ಬರುತ್ತಿತ್ತು. ಅವಳು ಕಣ್ಣು ಬಿಟ್ಟು, ಬಸ್ಸು ತಪ್ಪಿದವಳ ಹಾಗೆ ನನ್ನನ್ನು ನೋಡುತ್ತಿದ್ದಳು. ‘ಇದು ಯಾವ ಪುಸ್ತಕದಲ್ಲೂ ಇಲ್ಲಮ್ಮ’ ಅಂದರು ಡಾಕ್ಟರು. ನಾನು ಓದಿದ ಪುಸ್ತಕ ಅವರು ಓದಿರಲಿಲ್ಲ.

ಸ್ಟೂಲು ಹಾಕಿಕೊಂಡು ಹತ್ತಿದೆ. ಬೈಯಬೇಡ, ಗೋಡೆ ಹಿಡಿದುಕೊಂಡೇ ಹತ್ತಿದ್ದು. ಚೌಕಟ್ಟಿನ ಮೇಲೆ ಒಂದು ಗಂಟು ಇದೆಯಲ್ಲ, ಇಷ್ಟು ವರ್ಷ ಧೂಳು ಒರೆಸುವಾಗ ಮರದ ಗಂಟು ಅಂದುಕೊಂಡಿದ್ದೆ. ಅವನೇ. ಐವತ್ತೇಳು ವರ್ಷದ ಬಣ್ಣ, ಪದರದ ಮೇಲೆ ಪದರ ಅವನ ಮೈಮೇಲೆ ಕೂತು, ಚೌಕಟ್ಟು ಬೇರೆ, ಅವನು ಬೇರೆ ಎನ್ನಲಾಗದ ಹಾಗೆ ಒಂದಾಗಿದ್ದಾನೆ. ಕಾಲಿನ ಸುತ್ತ ಬಣ್ಣ ಎಲ್ಲೂ ಬಿರಿದಿಲ್ಲ. ಬೆರಳಾಡಿಸಿ ನೋಡಿದೆ, ಒಂದು ಕೂದಲೆಳೆಯ ಸೀಳೂ ಇಲ್ಲ. ಆದರೆ ತಮ್ಮಾ, ನೀನು ಅವನನ್ನು ಮೆಟ್ಟಿಲ ಕಡೆಗೆ ಮುಖ ಮಾಡಿಸಿ ನಿಲ್ಲಿಸಿದ್ದೆ. ಅದು ನನಗೆ ಚೆನ್ನಾಗಿ ನೆನಪಿದೆ. ಅವನೀಗ ಒಳಗೆ ನೋಡುತ್ತಿದ್ದಾನೆ. ಅಮ್ಮನ ಮಂಚದ ಕಡೆಗೆ.

ಅಲ್ಲೇ ನಿಂತು, ಹಗಲು ಹೊತ್ತಿನಲ್ಲಿ, ಅರವತ್ತೊಂಬತ್ತು ವರ್ಷದ ಹೆಂಗಸು ನಾನು ತವರದ ಗೊಂಬೆಗೆ ಹೇಳಿದೆ: ಪಹರೆ ಮುಗಿಯಿತು, ದೀಪ ಇತ್ತ ಕೊಡು. ಎರಡು ಸಲ ಹೇಳಿದೆ. ಬೆನ್ನ ಹಿಂದೆ ಅಮ್ಮ ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು. ‘ನೀನು ಹೇಳಿದ್ರೆ ಅವನು ಕೇಳಲ್ಲ ಕಣೇ. ನಾನೂ ಹೇಳಿ ನೋಡಿದೀನಿ. ಚಿಕ್ಕವನೇ ಬರಬೇಕು.’

ಕಿತ್ತುಬಿಡೋಣ ಎಂದೂ ಅನ್ನಿಸಿತು. ರಟ್ಟು ಕೊಯ್ಯುವ ಚೂರಿ ತಂದೆ. ಬಣ್ಣಕ್ಕೆ ತುದಿ ಮುಟ್ಟಿಸುತ್ತಿದ್ದಂತೆ ಅಮ್ಮನ ಉಸಿರು ಗಕ್ಕನೆ ಸಿಕ್ಕಿಕೊಂಡಿತು. ಅದು ಹೊರಡುವ ಉಸಿರಲ್ಲ, ನೋವಿನ ಉಸಿರು. ಚೂರಿ ಕೆಳಗೆ ಹಾಕಿದೆ.

ಆಮೇಲೆ ಅಟ್ಟದ ಪೆಟ್ಟಿಗೆಯಿಂದ ನಮ್ಮ ಪ್ರತಿಯನ್ನು ತೆಗೆದೆ. ಹದಿನಾರನೆಯ ಪುಟದಲ್ಲಿ ನೀನು ಬರೆದಿದ್ದ ಚಿತ್ರ ಹಾಗೇ ಇದೆ: ಅಮ್ಮನ ಕೋಣೆಯ ಬಾಗಿಲು, ಮೇಲೆ ಪಹರೆಯವನು. ಅದನ್ನು ನೂರು ಸಲ ನೋಡಿದ್ದೇನೆ. ಆದರೆ ಆಗ ನಾನು ಮಗು. ಈಗ ಕಾಗದವನ್ನು ಹೇಗೆ ನೋಡಬೇಕೆಂದು ಕಲಿತವಳು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಚಿತ್ರದ ಅಡಿಯಲ್ಲಿ ಅಳಿಸಿದ ಗೆರೆಗಳ ಗುಳಿ. ನಾಲ್ಕು ಚೌಕ. ಮುದುಕಿ. ನರೆತ ನಾಯಕ. ಬೂಟು ಬಿಚ್ಚಿ ಕೂತವನು. ಮೂರನೆಯ ಚೌಕದಲ್ಲಿ, ಚಾಚಿದ ಕೈ ಇರಬೇಕಾದ ಕಡೆ, ರಬ್ಬರು ಎಷ್ಟು ಉಜ್ಜಿದ್ದೀಯ ಎಂದರೆ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿ ಆಚೆಯ ಬೆಳಕು ಕಾಣುತ್ತದೆ.

ನಿನಗೆ ಗೊತ್ತಿತ್ತು. ಒಳ್ಳೆಯ ಹಾಳೆಗಳ ಕಟ್ಟು ಅಂಗಡಿಯಲ್ಲಿದ್ದಾಗಲೇ ನೀನು ಕೊನೆ ಓದಿದ್ದೆ. ಓದಿ, ನಮ್ಮ ಖಾಲಿ ಪುಟದಲ್ಲಿ ಅದನ್ನು ಬರೆದೂ ಇದ್ದೆ. ಜ್ವರ ಹಿಡಿದು ಅಮ್ಮ ಮಲಗಿದ ಮೇಲೆ ನೀನೇ ಅದನ್ನು ಅಳಿಸಿದೆ.

ಇದು ತಿಳಿದ ಮೇಲೆ ಉಳಿದದ್ದೆಲ್ಲ ತಾನಾಗಿ ಜೋಡಿಸಿಕೊಂಡಿತು. ಬಣ್ಣದವರು ಬಂದಾಗಲೆಲ್ಲ ನೀನು ಅಷ್ಟು ದೂರದಿಂದ ಫೋನು ಮಾಡಿ ‘ಚೌಕಟ್ಟು ಕೆರೀಬೇಡಿ, ಮೇಲೇ ಹೊಡೀರಿ’ ಅನ್ನುತ್ತಿದ್ದೆ. ಅಂಗಡಿಗಳ ಬೋರ್ಡು ಬರೆಯುವವನಲ್ಲವೇ, ಬಣ್ಣದ ವಿಷಯದಲ್ಲಿ ಮೂಗು ತೂರಿಸದಿದ್ದರೆ ಇವನಿಗೆ ಉಂಡದ್ದು ಅರಗುವುದಿಲ್ಲ ಅಂತ ನಾನು ನಗುತ್ತಿದ್ದೆ. ನಾಲ್ಕು ವರ್ಷದ ಹಿಂದೆ ನೀನು ಬಂದಾಗ ಅಮ್ಮನ ಕೋಣೆಯ ಹೊಸ್ತಿಲಲ್ಲಿ ನಿಂತು ಮೊದಲು ಮೇಲೆ ನೋಡಿದೆ, ಆಮೇಲೆ ಅವಳನ್ನು. ಒಳಗೆ ಕಾಲಿಡಲಿಲ್ಲ. ಅಷ್ಟೇ, ಮತ್ತೆ ಬರಲಿಲ್ಲ. ‘ನಾನು ಬರಲ್ಲ ಅಕ್ಕಾ, ನಾನು ಬಂದರೆ ಅವಳು ಹೊರಟುಬಿಡ್ತಾಳೆ’ ಅಂದೆ ಒಮ್ಮೆ. ಮಗ ಬಂದರೆ ತಾಯಿ ಹೇಗೆ ಹೋಗುತ್ತಾಳೆ, ಇದೆಂಥ ಮಾತು ಅಂತ ನಾನು ಸಿಟ್ಟಾಗಿದ್ದೆ. ಸಿಟ್ಟು ಮಾಡಿದ್ದಕ್ಕೆ ಕ್ಷಮಿಸು.

ನಿನ್ನ ಮೇಲೆ ನನಗೆ ದೂರಿಲ್ಲ ಕಣೋ. ಆ ಐವತ್ತೇಳು ವರ್ಷದಲ್ಲಿ ಅವಳು ನಿನ್ನ ಮದುವೆ ನೋಡಿದಳು, ಅಪ್ಪನನ್ನು ಕಳಿಸಿಕೊಟ್ಟಳು, ನನಗೆ ಹೊಲಿಗೆ ಹಾಕುವುದನ್ನು ಕಲಿಸಿದಳು, ನನ್ನ ಹೊಲಿಗೆ ಸೊಟ್ಟ ಎಂದು ಸಾವಿರ ಸಲ ಬೈದಳು. ನಿನಗೆ ಗೊತ್ತಿದ್ದುದು ನನಗೆ ಗೊತ್ತಿದ್ದರೆ ರಬ್ಬರನ್ನು ನಾನೇ ತಂದುಕೊಡುತ್ತಿದ್ದೆ. ಆದರೆ ಮೊನ್ನೆ ಅವಳ ಪಾದ ಒತ್ತುತ್ತಿದ್ದಾಗ ಚೌಕಟ್ಟಿನ ಕಡೆ ನೋಡುತ್ತ, ತುಂಬ ಮೆಲ್ಲಗೆ ಅಂದಳು: ‘ಪಾಪ, ಅವನಿಗೂ ಕಾಲು ನೋಯ್ತಿರಬೇಕು. ಸಾಕು ಅನ್ನೇ.’

ಅವಳನ್ನು ಕಳಿಸು ಎಂದು ನಾನು ಕೇಳುತ್ತಿಲ್ಲ. ಬಾಗಿಲು ಬಿಡು ಎಂದು ಕೇಳುತ್ತಿದ್ದೇನೆ. ಹೋಗುವುದೋ ಇರುವುದೋ ಅವಳಿಷ್ಟ.

ಬಾ. ಹಗಲಿನಲ್ಲೇ ಬಾ. ಸ್ಟೂಲು ನಾನು ಹಿಡಿದುಕೊಳ್ಳುತ್ತೇನೆ. ಈಗ ಹೆಗಲ ಮೇಲೆ ಎತ್ತಲು ಆಗುವುದಿಲ್ಲ. ಬರುವ ಧೈರ್ಯ ಆಗದಿದ್ದರೆ ಅದಕ್ಕೂ ಒಂದು ದಾರಿ ಮಾಡಿದ್ದೇನೆ. ಹೊಲಿಗೆ ಬಿಚ್ಚಿ ಆ ಹಾಳೆಯನ್ನು ಇದರೊಳಗೇ ಇಟ್ಟಿದ್ದೇನೆ. ಮೂರನೆಯ ಚೌಕದಲ್ಲಿ ಆ ಕೈಯನ್ನು ಮತ್ತೆ ಬರೆ. ಗೆರೆಯ ಗುಳಿ ಅಲ್ಲೇ ಇದೆ, ಪೆನ್ಸಿಲ್ಲಿಗೆ ದಾರಿ ತಾನೇ ಸಿಗುತ್ತದೆ. ಬರೆಯುವಾಗ ನಾಯಕನ ಆ ಮಾತನ್ನು ಬಾಯಿಬಿಟ್ಟು ಹೇಳು. ಹಾಳೆ ತೆಳುವಾಗಿದೆ, ಹೆಚ್ಚು ಒತ್ತಬೇಡ.

ಕಾಗದ ಬರೆಯುತ್ತಿರುವುದನ್ನು ನಾನು ಅಮ್ಮನಿಗೆ ಹೇಳಿಲ್ಲ. ಕೆಳಗೆ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಆದರೂ ಈಗಷ್ಟೇ ಮೇಲಿನಿಂದ ಅವಳ ದನಿ ಕೇಳಿತು; ಎರಡು ವರ್ಷದಿಂದ ಅಷ್ಟು ಗಟ್ಟಿಯಾಗಿ ಅವಳು ಕೂಗಿರಲಿಲ್ಲ. ನನ್ನ ಬಾಚಣಿಗೆ ಎಲ್ಲಿಟ್ಟಿದೀಯೇ, ಅಂತ ಕೇಳುತ್ತಿದ್ದಾಳೆ. ಹೋಗಿ ಅವಳ ತಲೆ ಬಾಚಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ.

ಈಚೆಗೆ ನಿನ್ನ ಬೆರಳುಗಳಿಗೆ ನಡುಕ ಬಂದಿದೆ, ಬೋರ್ಡಿನ ಕೆಲಸ ಕಡಿಮೆ ಮಾಡಿದ್ದೇನೆ ಅಂದಿದ್ದೆ. ನನ್ನ ಆಯಸ್ಸಿನಲ್ಲಿ ಒಂದಿಷ್ಟು ನಿನ್ನ ಕೈಗೆ ಬರಲಿ, ತಮ್ಮಾ. ಆ ಒಂದು ಗೆರೆ ಎಳೆದು ಮುಗಿಸುವಷ್ಟು ಹೊತ್ತು ನಿನ್ನ ಕೈ ನಡುಗದಿರಲಿ.

ಅಂದು ನಿನ್ನನ್ನು ಎತ್ತಿ ಹಿಡಿದಿದ್ದ
ನಿನ್ನ ಅಕ್ಕ