ಸಡಿಲ ಬಿಡಿ ಎಂದರೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ಶುಕ್ರವಾರ ಮೂರನೇ ಸಲ ಪರೀಕ್ಷೆಗೆ ಬರಹೇಳಿದ್ದೀರಿ. ಎದುರಿಗೆ ಕೂತರೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ, ಕೆಳಗೆ ನರಕ್ಕೆ ಕೊಟ್ಟ ಕರೆಂಟು ಮೆದುಳಿಗೆ ಮುಟ್ಟಿದೆ, ಮಷೀನಿನಲ್ಲಿ ಅಲೆ ಚೆನ್ನಾಗಿ ಬಂದಿದೆ ಎಂದಿರಿ. ಎರಡನೇ ಸಲ ಅಲೆಯೇ ಕಾಣಲಿಲ್ಲ. "ಅದೇ ನರ, ಅದೇ ಮಷೀನು, ಹೀಗ್ಯಾಕೆ?" ಎಂದು ನೀವು ಟೆಕ್ನಿಶಿಯನ್ ಅವರನ್ನು ಕೇಳಿದ್ದು ಪರದೆಯಾಚೆ ನನಗೆ ಕೇಳಿಸಿತು. ನರ ಸತ್ತೇ ಹೋಯಿತೇ? ಅಂದಿನಿಂದ ಸುಮ್ಮಸುಮ್ಮನೆ ತೊಡೆ ಚಿವುಟಿ ನೋಡಿಕೊಳ್ಳುತ್ತೇನೆ. ನೋಯುತ್ತದೆ, ಆದರೂ ಧೈರ್ಯ ಬರುವುದಿಲ್ಲ.

ಒಂದು ವಿಷಯ ನಿಮಗೆ ಗೊತ್ತಿಲ್ಲ. ಮೊದಲ ಸಲ ನಾನು ಬೆಳಗಿನಿಂದ ನೀರೇ ಮುಟ್ಟಿರಲಿಲ್ಲ. ಎರಡನೇ ಸಲ ನರ್ಸಮ್ಮ ಬಿಡದೆ ಎರಡು ಲೋಟ ಕುಡಿಸಿದರು. ಟೆಕ್ನಿಶಿಯನ್, "ಮೈ ಸಡಿಲ ಬಿಡೀಮ್ಮಾ, ಬಿಗಿ ಹಿಡಿದ್ರೆ ಅಲೆ ಕಾಣಲ್ಲ" ಎನ್ನುತ್ತಲೇ ಇದ್ದರು. ಹೇಗೆ ಬಿಡಲಿ? ಹೆರಿಗೆಯಾದಾಗಿನಿಂದ, ನಕ್ಕರೂ ಕೆಮ್ಮಿದರೂ ಮೂತ್ರ ಜಾರುತ್ತದೆಂದು ನಾನು ಬಿಗಿ ಹಿಡಿದೇ ಬದುಕುತ್ತಿದ್ದೇನೆ. ಕ್ಲಾಸಿನಲ್ಲಿ ಮಕ್ಕಳು ಎಷ್ಟು ನಗಿಸಿದರೂ ನಗುವುದಿಲ್ಲ. ಸಿಡುಕು ಟೀಚರ್ ಎಂದೇ ಹೆಸರು. ಆ ಬಿಳಿ ಹಾಸು ಎಲ್ಲಿ ಒದ್ದೆಯಾಗುತ್ತದೋ ಎಂದು ಹಲ್ಲು ಕಚ್ಚಿಕೊಂಡು ಮಲಗಿದ್ದೆ.

ಅಲೆ ಕೆಡಿಸಿದ್ದು ನರವೋ, ನನ್ನ ಹೆದರಿಕೆಯೋ, ಎರಡನೇ ಪರೀಕ್ಷೆಯೊಂದನ್ನೇ ನೋಡಿ ತೀರ್ಮಾನಿಸಬೇಡಿ.

ಶುಕ್ರವಾರ ಮಂಚದ ಮೇಲೆ ರಬ್ಬರ್ ಶೀಟ್ ಹಾಸಿಸಿ. ಶುರುಮಾಡುವ ಮೊದಲು, "ಒದ್ದೆಯಾದ್ರೂ ಪರವಾಗಿಲ್ಲ" ಎಂದು ನೀವೇ ಒಂದು ಸಲ ಹೇಳಿಬಿಡಿ. ಇಷ್ಟು ವರ್ಷದಲ್ಲಿ ನನಗೆ ಆ ಮಾತನ್ನು ಯಾರೂ ಹೇಳಿಲ್ಲ.

ಇಂತಿ,
ಸಿಡುಕು ಟೀಚರ್