ನನಗೆ ನಾನೇ ಬರೆದ ಪತ್ರ

ಸಂತ ಮಾರ್ಟಿನನ ಹಬ್ಬದ ಮರುದಿನ. ನವೆಂಬರ್ ಹನ್ನೆರಡು. ವೆಸ್ಟ್‌ಮಿನ್‌ಸ್ಟರ್.

ಬೆಳಗಿನಿಂದ ಮುದ್ರೆ ಒತ್ತಿಸಿದ್ದೇ ಕೆಲಸ. ನೂರಕ್ಕೂ ಹೆಚ್ಚು ಆಜ್ಞೆಗಳು. ಊಟದಲ್ಲೂ ಕರಗಿದ ಮೇಣದ ವಾಸನೆ. ಮೊದಲಿನ ಇಪ್ಪತ್ತನ್ನು ಓದಿದೆ. ಆಮೇಲೆ ಗುಮಾಸ್ತ ರೇನಾಲ್ಡ್ ಗೊಣಗುವುದು, ನಾನು ತಲೆಯಾಡಿಸುವುದು, ಮುದ್ರೆ ಬೀಳುವುದು... ಸಂಜೆ ದೊರೆ ಕರೆಸಿ ಮತ್ತೆ ಸ್ಕಾಟ್ಲೆಂಡಿನ ಮಾತೆತ್ತಿದರು. ನಿಂತೇ ಕೇಳಿದೆ. ಮಂಡಿ ಕಿತ್ತುಬರುತ್ತಿತ್ತು.

ಎರಡು ಹೊತ್ತಿನ ಪ್ರಾರ್ಥನೆ ತಪ್ಪಿತು. ದೊರೆಯ ಮುದ್ರೆ ಕಾಯುವ ಚಾನ್ಸಲರ್ ಆದವನಿಗೆ ಬಿಷಪ್ ಆಗಲು ಪುರುಸೊತ್ತಿಲ್ಲ. ಬಿಷಪ್ ಆಗಿ ಹನ್ನೊಂದು ವರ್ಷ. ಕೆಥೆಡ್ರಲ್‌ನಲ್ಲಿ ನನ್ನ ಪೀಠ ಮರದ್ದೋ ಕಲ್ಲಿನದೋ ನೋಡಿಲ್ಲ. ಅಲ್ಲಿ ಎಲ್ಲ ನನ್ನ ಪ್ರತಿನಿಧಿ ವಿಕಾರ್ ಸೈಮನ್ ನೋಡಿಕೊಳ್ಳುತ್ತಾನೆ — ನನ್ನ ಹೆಸರಿನಲ್ಲೇ, ನನ್ನ ಬಿಷಪ್ ಮುದ್ರೆಯಲ್ಲೇ.

ಸಂತ ಲೂಸಿಯ ದಿನ, ಡಿಸೆಂಬರ್ ಹದಿಮೂರು. ಮಧ್ಯಾಹ್ನ.

ಅರ್ಜಿ ಹಿಡಿದು ಕಾಯುವವರ ಸಾಲಿನಲ್ಲಿ ಅಕ್ಕ ನಿಂತಿದ್ದಳು. ಗುನ್ನಿಲ್ಡ. ಊರಿನಿಂದ ಒಂಬತ್ತು ದಿನ ಗಾಡಿ. ಓಟ್ಸ್ ರೊಟ್ಟಿಯ ಗಂಟು ತಂದಿದ್ದಾಳೆ, ಮುಖದ ಗಂಟು ಮಾತ್ರ ಬಿಚ್ಚಲಿಲ್ಲ.

ಫಾದರ್ ಓಸ್ಬರ್ಟ್ ಜೈಲಿನಲ್ಲಿದ್ದಾರಂತೆ. ನಮ್ಮೂರ ಪಾದ್ರಿ. ಬೆತ್ತ ಹಿಡಿದು ನನಗೆ ಲ್ಯಾಟಿನ್ ಕಲಿಸಿದವರು. ಎಪ್ಪತ್ತೆಂಟು ವಯಸ್ಸು! ಮಾಡಿದ ತಪ್ಪು: ಊರ ಮಕ್ಕಳ ಹಣೆಗೆ ತಾವೇ ತೈಲ ಹಚ್ಚಿ ದೃಢೀಕರಣ ಮಾಡಿದ್ದು. ಮಕ್ಕಳನ್ನು ನಂಬಿಕೆಯಲ್ಲಿ ಗಟ್ಟಿಗೊಳಿಸುವ ಆ ಸಂಸ್ಕಾರ ಬಿಷಪ್ ಒಬ್ಬನ ಕೆಲಸ. ಹನ್ನೊಂದು ವರ್ಷದಿಂದ ಬಿಷಪ್ ಹೋಗಿಲ್ಲ. ಮಕ್ಕಳು ದೊಡ್ಡವರಾಗುತ್ತಿದ್ದರು, ಕೆಲವರು ಹಾಗೇ ಸತ್ತೂ ಹೋದರು. ಸೈಮನ್ ವಿಚಾರಣೆಗೆ ಕರೆದಿದ್ದಾನೆ, ಇವರು ಹೋಗಿಲ್ಲ. ಬಹಿಷ್ಕಾರ ಹಾಕಿದ್ದಾನೆ. ನಲವತ್ತು ದಿನ ಕಳೆದರೂ ಬಗ್ಗಲಿಲ್ಲ. ಅಂಥವರನ್ನು ಹಿಡಿಸಿ ಎಂದು ಬಿಷಪ್ ಚಾನ್ಸಲರ್‌ಗೆ ಬರೆಯುವುದು, ಚಾನ್ಸಲರ್ ಆಜ್ಞೆ ಹೊರಡಿಸುವುದು — ಪದ್ಧತಿ.

"ಹಿಡ್ಕೊಂಡು ಹೋಗೋಕೆ ಬಂದವನ ಕೈಲಿದ್ದಿದ್ದು ನಿನ್ನ ಕಾಗದಾನೇ ಕಣೋ, ಥರ್ಸ್ಟನ್," ಎಂದಳು ಅಕ್ಕ. "ನೀನು ಬರಲ್ಲ ಅಂತ ತಾನೇ ಅವ್ರು ಎಣ್ಣೆ ಹಚ್ಚಿದ್ದು? ಮಕ್ಕಳ ತಲೆ ಮುಟ್ಟೋಕೆ ಮಾತ್ರ ನಿನ್ನ ಕೈ ಎಟುಕಲ್ಲ, ಅಲ್ವಾ?"

ರೇನಾಲ್ಡ್ ಕಡತ ತೆಗೆದು ತೋರಿಸಿದ. ಬಿಷಪ್ ಥರ್ಸ್ಟನ್ ಕೋರಿದ್ದಾನೆ, ಚಾನ್ಸಲರ್ ಥರ್ಸ್ಟನ್ ಒಪ್ಪಿದ್ದಾನೆ. ಸಂತ ಮಾರ್ಟಿನನ ಹಬ್ಬದ ಮರುದಿನ. ಎರಡೂ ನಾನೇ, ಒಂದನ್ನೂ ಓದಿಲ್ಲ. ನಾಚಿಕೆಯಾಗುತ್ತದೆ.

ಮರುದಿನ.

ಫಾದರ್ ಅವರನ್ನು ಕ್ಷಮಿಸಿ ಬಿಡಿಸು ಎಂದು ಸೈಮನ್‌ಗೆ ಬರೆದೆ. ಅಕ್ಕ ಕಾಗದವನ್ನು ತಾನೇ ಒಯ್ದಳು. ನನ್ನ ದೂತರ ಮೇಲೆ ನಂಬಿಕೆಯಿಲ್ಲವಂತೆ.

ಮೂರು ರಾಜರ ಹಬ್ಬದ ಮಾರನೆ ದಿನ, ಜನವರಿ ಏಳು.

ಸೈಮನ್‌ನ ಉತ್ತರ. ಚರ್ಚಿಗೆ ವಿಧೇಯನಾಗಿರುತ್ತೇನೆಂದು ಪ್ರಮಾಣ ಮಾಡದೆ ಬಹಿಷ್ಕಾರ ತೆಗೆಯುವಂತಿಲ್ಲ. ಮುದುಕರು ಪ್ರಮಾಣಕ್ಕೆ ಸಿದ್ಧ, ಆದರೆ ಬಿಷಪ್‌ನ ಎದುರಿಗೇ ಅಂತೆ. ಕೆಮ್ಮು ಜೋರಾಗಿದೆಯಂತೆ.

ರಜೆ ಕೇಳಿದೆ. ಪಾರ್ಲಿಮೆಂಟ್ ಮುಗಿಯಲಿ ಎಂದರು ದೊರೆ. ಆಗಲಿ ಎಂದೆ... ಇಪ್ಪತ್ತು ವರ್ಷದಿಂದ ಆಗಲಿ ಎಂದೇ ಅಭ್ಯಾಸ.

ಮೇಣದಬತ್ತಿ ಹಬ್ಬದ ಮರುದಿನ. ಫೆಬ್ರವರಿ ಮೂರು, ಸಂಜೆ.

ಪಾರ್ಲಿಮೆಂಟ್ ಮುಗಿಯುವ ಲಕ್ಷಣವಿಲ್ಲ. ಚಾನ್ಸಲರ್ ಕೆಲಸ ಸಾಕೆಂದು ಮುದ್ರೆಯ ಚೀಲವನ್ನು ದೊರೆಯ ಎದುರು ಮೇಜಿನ ಮೇಲಿಟ್ಟೆ. ಅವರು ನನ್ನತ್ತ ನೋಡಲಿಲ್ಲ, ಚೀಲವನ್ನೇ ನೋಡಿದರು. ಮಧ್ಯಾಹ್ನದೊಳಗೆ ಬೇರೊಬ್ಬ ಬಿಷಪ್‌ಗೆ ಕೊಟ್ಟರಂತೆ. ಅವನ ಊರಿನ ಮಕ್ಕಳ ಗತಿ ದೇವರೇ ಬಲ್ಲ.

ನಿನ್ನೆಯೇ ರೇನಾಲ್ಡ್ ಗುಟ್ಟಾಗಿ ಹೇಳಿದ್ದ: "ಬಿಡುಗಡೆ ಆಜ್ಞೆಗೂ ಈಗ್ಲೇ ಮುದ್ರೆ ಒತ್ತಿಸ್ಕೊಂಡು ಹೋಗಿ, ಸ್ವಾಮಿ. ಯಾರು ಕೇಳ್ತಾರೆ?" ಗದರಿಸಿದೆ. ಪ್ರಮಾಣವಾಗಿಲ್ಲ, ಬಿಷಪ್‌ನ ಕೋರಿಕೆ ಬಂದಿಲ್ಲ, ಚಾನ್ಸಲರ್ ಹೇಗೆ ಹೊರಡಿಸುತ್ತಾನೆ? ಓದದೆ ಮುದ್ರೆ ಒತ್ತಿದ್ದು ಸಾಕು. ಇದೊಂದಾದರೂ ಕ್ರಮವಾಗಿ ಆಗಲಿ.

ಫೆಬ್ರವರಿ ಹದಿನಾಲ್ಕು. ಕೋಟೆಯ ಜೈಲು.

ಹನ್ನೊಂದು ದಿನ ಹಿಮದಲ್ಲಿ ಬಂದೆ. ಫಾದರ್‌ಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ನನ್ನ ಮುಖ ಸವರಿ, "ದಪ್ಪ ಆಗಿದೀಯ," ಎಂದರು.

ಪ್ರಮಾಣ ಮಾಡಿದರು. ಆಮೇಲಿನದು ಕಷ್ಟದ್ದು. ಬಹಿಷ್ಕಾರ ತೆಗೆಯಲು, ಕರುಣೆ ಬೇಡುವ ಐವತ್ತನೆಯ ಕೀರ್ತನೆ ಹೇಳುತ್ತ ಚರಣಕ್ಕೊಂದು ಸಲ ಬಹಿಷ್ಕೃತನ ಬೆನ್ನಿಗೆ ಬೆತ್ತ ತಾಗಿಸಬೇಕು. ಅಂಗಿ ಸರಿಸಿದರು. ಬೆನ್ನೆಲ್ಲ ಮೂಳೆ. ಈ ಕೀರ್ತನೆಯನ್ನು ಅವರು ನನಗೆ ಕಲಿಸಿದ್ದೂ ಬೆತ್ತದಿಂದಲೇ. ನಡುವೆ ತಡವರಿಸಿದೆ.

"ಒಂದು ಚರಣ ನುಂಗ್ಬಿಟ್ಯಲ್ಲೋ," ಎಂದರು. "ಆವಾಗ್ಲೂ ಅಲ್ಲೇ ಎಡವ್ತಿದ್ದೆ. ಮೊದಲಿಂದ ಹೇಳು."

ಮೊದಲಿನಿಂದ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಬಹಿಷ್ಕಾರ ಹೋಯಿತು. ಜೇಲರ್‌ಗೆ ಬಾಗಿಲು ತೆಗೆ ಎಂದೆ.

"ಪಾಪ ಬಿಡಿಸೋದು ನಿಮ್ಮ ಕೈಲಿದೆ ಸ್ವಾಮಿ. ಬೀಗ ದೊರೇದು. ಚಾನ್ಸಲರ್ ಆಜ್ಞೆ ಎಲ್ಲಿ?"

ಅವನದು ತಪ್ಪಿಲ್ಲ. ಈ ನಿಯಮವನ್ನು ಬಿಗಿ ಮಾಡಿದವನೇ ನಾನು. ಕೂಡಲೇ ಹೊಸ ಚಾನ್ಸಲರ್‌ಗೆ ಕೋರಿಕೆ ಬರೆದು ಸವಾರನನ್ನು ಅಟ್ಟಿದೆ. ಹೋಗಿ ಬರಲು ಎಷ್ಟು ಅವಸರಿಸಿದರೂ ಮೂರು ವಾರ.

ಫೆಬ್ರವರಿ ಇಪ್ಪತ್ತೆರಡು.

ಪಕ್ಕದ ಕೋಣೆಯಲ್ಲೇ ಇದ್ದೇನೆ. ಗಂಜಿ ನಾನೇ ಕುಡಿಸುತ್ತೇನೆ. ಅಕ್ಕ ಊರ ಮಕ್ಕಳನ್ನು ಗಾಡಿಗಳಲ್ಲಿ ತುಂಬಿಕೊಂಡು ಬಂದಳು. ಮೂವತ್ತೊಂದು ಜನ. ಜೈಲಿನ ಅಂಗಳದಲ್ಲೇ ಒಬ್ಬೊಬ್ಬರ ಹಣೆಗೂ ತೈಲ ಹಚ್ಚಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಿಷಪ್ ಅನ್ನಿಸಿತು. ಫಾದರ್ ಕಿಂಡಿಯ ಬಳಿ ಕೂತು ಹೆಸರುಗಳನ್ನು ಕೇಳುತ್ತಿದ್ದರು. ಒಂದು ಹೆಸರು ಬಿಟ್ಟುಹೋಗಿದೆ ಎಂದರು. ಆ ಹುಡುಗಿ ಕ್ರಿಸ್‌ಮಸ್ ಹೊತ್ತಿಗೆ ತೀರಿಕೊಂಡಳು ಎಂದಳು ಅಕ್ಕ. 

ಮಾರ್ಚ್ ಏಳು.

ಇವತ್ತು ಆಜ್ಞೆ ಬಂತು. ಮುದ್ರೆ ಸರಿಯಾಗಿದೆ. ಹೆಸರೂ ಸರಿಯಾಗಿದೆ. ತಡಮಾಡದೆ ಬಿಡುಗಡೆ ಮಾಡತಕ್ಕದ್ದು.

ಮಣ್ಣು ಮಾಡಿ ನಾಲ್ಕು ದಿನವಾಯಿತು.

"ಯಾರನ್ನ ಬಿಡ್ಲಿ, ಸ್ವಾಮಿ?" ಎಂದ ಜೇಲರ್. ಕುಹಕವಲ್ಲ. ಆಜ್ಞೆ ಜಾರಿಯಾಯಿತೋ ಇಲ್ಲವೋ, ಅದರ ಬೆನ್ನಿಗೆ ಬರೆದು ವಾಪಸ್ ಕಳಿಸುವುದು ಕಡ್ಡಾಯ. ಅವನಿಗೆ ಅಕ್ಷರ ಬರುವುದಿಲ್ಲ. ನೀವೇ ಬರೆದುಕೊಡಿ ಎಂದು ನನ್ನ ಕೈಗೇ ಕೊಟ್ಟ.

ಇಲ್ಲೊಮ್ಮೆ ಬರೆದು ನೋಡುತ್ತೇನೆ, ಆಮೇಲೆ ಅದರ ಮೇಲೆ.

ಮಾನ್ಯ ಚಾನ್ಸಲರ್ ಅವರಿಗೆ, ಬಿಷಪ್ ಥರ್ಸ್ಟನ್ ತಿಳಿಸುವುದೇನೆಂದರೆ —